ದೊಡ್ಡಮ್ಮ ವಿಂಗಡಿಸಿದ ಮೂರು ರಾಶಿ

ಮೇಲೂರಿನ ಹೊರಗಿರುವ ಮಾವಿನ ತೋಪನ್ನು ಬದನಿಕೆಯ ಕಾಟದಿಂದ ಬಿಡಿಸಬೇಕೆಂದು ಊರಿನವರನ್ನು ಒಪ್ಪಿಸಿದವನು ನಾನೇ. ಬದನಿಕೆ ಎಂದರೆ ಕೊಂಬೆಯೊಳಕ್ಕೆ ಬೇರಿಳಿಸಿ, ಮರದ ರಸ ಹೀರಿ ಬದುಕುವ ಗಿಡ. ಚಿಂತಾಮಣಿಯ ಕಾಲೇಜಿನಲ್ಲಿ ಇತಿಹಾಸ ಬೋಧಿಸುವ ನಾನು ಪಂಚಾಯಿತಿ ಕಚೇರಿಯ ಮುಂದೆ ನಿಂತು ಅರ್ಧ ಗಂಟೆ ಮಾತನಾಡಿದೆ. ಎದುರಾಳಿ ಎತ್ತಬಹುದಾದ ಆಕ್ಷೇಪಗಳನ್ನು ಮೊದಲೇ ಊಹಿಸಿ ಉತ್ತರ ಸಿದ್ಧವಿಟ್ಟುಕೊಳ್ಳುವುದು ವಿದ್ಯಾರ್ಥಿದೆಸೆಯ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ ಪಾಠ. ಅಂದು ಯಾರೂ ಆಕ್ಷೇಪಿಸಲಿಲ್ಲ. ಅದನ್ನೇ ನಾನು ಗೆಲುವೆಂದು ತಿಳಿದೆ.

ಜನವರಿಯ ಒಂದು ಭಾನುವಾರ ನನ್ನ ವಿದ್ಯಾರ್ಥಿಗಳೂ ಊರಿನ ಕೆಲವು ರೈತರೂ ಏಣಿ, ಮಚ್ಚು, ದೋಟಿ ಹಿಡಿದು ತೋಪಿಗೆ ಬಂದರು. ನಾನು ಕೊಟ್ಟ ಸೂಚನೆ ಒಂದೇ: ಮರದ ಮೇಲೆ ಮರದ್ದಲ್ಲದ ಹಸಿರು ಕಂಡರೆ ಕಿತ್ತುಹಾಕಿ. ನಮ್ಮ ಸೀಮೆಯ ತೋಟಗಳಲ್ಲಿ ಹಿಂದಿನಿಂದಲೂ ನಡೆದುಬಂದ ರೂಢಿಯೂ ಅದೇ. ಕೊಂಬೆಯ ಮೇಲೆ ಕುಳಿತ ಪ್ರತಿಯೊಂದು ಗಿಡಕ್ಕೂ ಬದನಿಕೆಯೆಂದೇ ಹೆಸರು. ಮಧ್ಯಾಹ್ನದ ಹೊತ್ತಿಗೆ ತೋಪಿನ ನಡುವೆ ಎದೆಯೆತ್ತರದ ರಾಶಿ ಬಿದ್ದಿತ್ತು. ಊಟ ಮುಗಿದೊಡನೆ ಅದಕ್ಕೆ ಬೆಂಕಿ ಇಡುವುದೆಂದು ನಿಶ್ಚಯವಾಗಿತ್ತು.

ಊಟ ತಂದವರು ನನ್ನ ದೊಡ್ಡಮ್ಮ, ತಾಯಿಯ ಅಕ್ಕ. ರೇಷ್ಮೆ ನೂಲು ತೆಗೆಯುವ ಫಿಲೇಚರೊಂದರಲ್ಲಿ ಗೂಡು ವಿಂಗಡಿಸುತ್ತಲೇ ಅವರ ಕೂದಲು ನರೆತಿದೆ. ಎರಡು ಹುಳು ಸೇರಿ ಕಟ್ಟಿದ ಗೂಡು, ಕಲೆಯಾದ ಗೂಡು, ತೆಳುವಾದ ಗೂಡು, ಇವು ಒಳ್ಳೆಯ ಗೂಡಿನ ಜೊತೆ ಬಿಸಿನೀರಿಗೆ ಬಿದ್ದರೆ ನೂಲು ಕೆಡುತ್ತದೆ. ದೊಡ್ಡಮ್ಮನ ಕೈಗಳು ಅವರು ಮಾತನಾಡುತ್ತಿರುವಾಗಲೂ ಅವನ್ನು ಆಯ್ದು ಎಸೆಯುತ್ತವೆ.

ಬುಟ್ಟಿ ಇಳಿಸಿ ಅವರು ರಾಶಿಯನ್ನು ದಿಟ್ಟಿಸಿದರು.

"ಏನಪ್ಪಾ ಇದು, ಎಲ್ಲಾ ಒಂದೇ ಕಡೆ ಸುರ್ದಿದ್ದೀಯಾ?"

"ಎಲ್ಲಾ ಬದನಿಕೇನೇ ದೊಡ್ಡಮ್ಮ."

"ಎಲ್ಲಾನೂ? ಯಾರು ಹೇಳಿದ್ದು?"

"ನಾನೇ."

"ಅಯ್ಯೋ ನಾಯನಾ! ನೀನು ಭಾಷಣ ಮಾಡಿದ್ಮೇಲೆ ಗಿಡಗಳೂ ಒಪ್ಕೊಂಡಿರ್ತವೆ ಬಿಡು."

ವಿದ್ಯಾರ್ಥಿಗಳು ನಗು ತಡೆಯಲಾರದೆ ಮುಖ ತಿರುಗಿಸಿದರು. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ರಾಶಿಯ ಪಕ್ಕದಲ್ಲಿ ಕುಳಿತರು. ಒಂದು ಗಿಡ ಎಡಕ್ಕೆ, ಒಂದು ಬಲಕ್ಕೆ. ಎಡಗಡೆಯ ಗಿಡಗಳ ಬುಡದಲ್ಲಿ ಮಾವಿನ ಕೊಂಬೆಯೇ ಗಂಟುಗಟ್ಟಿ ಊದಿಕೊಂಡಿತ್ತು. ಬಲಗಡೆಯವಕ್ಕೆ ಹಗ್ಗದಂಥ ದಪ್ಪ ಬಿಳಿಯ ಬೇರುಗಳು. ಅವುಗಳಿಗೆ ತೊಗಟೆಯ ಚೂರಷ್ಟೇ ಅಂಟಿತ್ತು.

"ನೋಡು, ಇದು ಮರದೊಳಕ್ಕೆ ಬಾಯಿ ಹಾಕೈತೆ. ಇದು ಮರಾನ ಸುಮ್ನೆ ತಬ್ಕೊಂಡೈತೆ. ಕಂಕುಳಲ್ಲಿರೋ ಮಗೂನ ಜಿಗಣೆ ಅಂತೀಯೇನೋ?"

ಬಲಗಡೆಯ ಗಿಡವೊಂದರ ಚಿತ್ರ ತೆಗೆದು ಸಸ್ಯಶಾಸ್ತ್ರದ ಸಹೋದ್ಯೋಗಿಗೆ ಕಳುಹಿಸಿದೆ. ಉತ್ತರ ಕೂಡಲೇ ಬಂತು: "ಆರ್ಕಿಡ್ ಸಾರ್, ವ್ಯಾಂಡಾ ಅಂತಾರೆ. ದಯವಿಟ್ಟು ಸುಡಬೇಡಿ." ಆರ್ಕಿಡ್ ಎಂದರೆ ಚಿಕ್ಕಬಳ್ಳಾಪುರದ ಕಲ್ಯಾಣಮಂಟಪಗಳ ವೇದಿಕೆಗೆ ಹೊರದೇಶದಿಂದ ಬರುವ ನೇರಳೆ ಹೂವೆಂದಷ್ಟೇ ನಾನು ತಿಳಿದಿದ್ದೆ. ಅದು ನಮ್ಮ ತೋಪಿನಲ್ಲೇ ಇತ್ತು. ನಾನು ಅದಕ್ಕೆ ಮಚ್ಚು ಹಾಕಿಸಿದ್ದೆ.

ಅಷ್ಟರಲ್ಲಿ ದೊಡ್ಡಮ್ಮ ಬಲಗಡೆಯ ರಾಶಿಯನ್ನು ಮತ್ತೆ ಎರಡಾಗಿ ಒಡೆಯತೊಡಗಿದ್ದರು.

"ಅವೆರಡೂ ಒಂದೇ ಅಲ್ವಾ?" ಎಂದೆ.

"ಮುಟ್ಟಿ ನೋಡು. ಇದರ ಎಲೆ ದೋಣಿ ಥರ ಮಡಚ್ಕೊಂಡೈತೆ, ತುದಿ ಇಲಿ ಕಡಿದಂಗೈತೆ. ಇದು ಚಪ್ಪಲಿ ಅಟ್ಟೆ ಇದ್ದಂಗೈತೆ, ದಪ್ಪ. ಹೆಂಗೆ ಒಂದಾಗ್ತವೆ?"

ಎರಡರ ಚಿತ್ರವನ್ನೂ ಕಳುಹಿಸಿದಾಗ, ಹೂವಿಲ್ಲದೆ ಹೇಳುವುದು ಕಷ್ಟ, ಬಹುಶಃ ಎರಡೂ ಒಂದೇ ಎಂದು ಸಹೋದ್ಯೋಗಿ ಬರೆದರು. ದೊಡ್ಡಮ್ಮ ಆ 'ಬಹುಶಃ'ವನ್ನು ಲೆಕ್ಕಿಸಲಿಲ್ಲ.

ಇನ್ನು ನನ್ನ ಪಾಲಿನ ಕೆಲಸ ಉಳಿದಿತ್ತು. ಕಿತ್ತ ಗಿಡಗಳು ಬಿಸಿಲಿಗೆ ಬಾಡುತ್ತಿದ್ದವು. ಅವು ಬದುಕಬೇಕಾದರೆ ನಾನು ಬೆಳಗ್ಗೆ ಹೇಳಿದ್ದು ತಪ್ಪೆಂದು ಅದೇ ಜನರ ಮುಂದೆ ಹೇಳಬೇಕಿತ್ತು. ಹೇಳಿದೆ. ವಾದಕ್ಕೆ ಬೇಕಾದ ಪದಗಳು ಬೇಗ ಬರುತ್ತಿದ್ದವು. ಇದಕ್ಕೆ ಬೇಕಾದವು ಹಾಗೆ ಬರಲಿಲ್ಲ.

"ಏನ್ ಸಾರ್, ಬೆಳಗ್ಗೆ ಕೀಳು ಅಂತೀರ, ಮಧ್ಯಾಹ್ನ ಕಟ್ಟು ಅಂತೀರ" ಎಂದು ಮರದ ಮೇಲಿದ್ದ ರೈತರೊಬ್ಬರು ಗೊಣಗಿದರು. ಆದರೂ ಗೋಣಿದಾರ ತಂದುಕೊಟ್ಟವರು ಅವರೇ. ಸಂಜೆಯವರೆಗೆ ನೆರಳಿನ ಕವಲುಗಳನ್ನು ಹುಡುಕಿ, ಆ ಎರಡೂ ಬಗೆಯ ಗಿಡಗಳನ್ನು ತೊಗಟೆಗೆ ಬಿಗಿದೆವು. ನಿಜವಾದ ಬದನಿಕೆಯ ರಾಶಿಗೆ ಮಾತ್ರ ಬೆಂಕಿ ಬಿತ್ತು.

ಆಮೇಲೆ ನಾನು ಓದತೊಡಗಿದೆ, ಓದಿದಷ್ಟೂ ಬೆರಗಾದೆ. ಆರ್ಕಿಡ್ ಕುಟುಂಬದಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ, ಬಹುಪಾಲು ಉಷ್ಣವಲಯದವು. ಐಸ್‌ಕ್ರೀಮಿನ ವೆನಿಲ್ಲಾ ಕೂಡ ಈ ಕುಟುಂಬದ್ದೇ. ಮರದ ಮೇಲೆ ಕುಳಿತೂ ಮರದಿಂದ ಏನನ್ನೂ ಕೀಳದೆ, ಬೇರಿನ ಬಿಳಿಯ ಹೊದಿಕೆಯಲ್ಲಿ ಮಳೆಯನ್ನೂ ಮಂಜನ್ನೂ ಹಿಡಿದಿಟ್ಟುಕೊಂಡು ಬದುಕುವವು ಎಷ್ಟೋ. ಬೀಜ ಧೂಳಿನಷ್ಟು ಸಣ್ಣದು. ಅದರಲ್ಲಿ ಬುತ್ತಿಯೇ ಇಲ್ಲ, ಮೊಳೆಯಲು ಒಂದು ಶಿಲೀಂಧ್ರ ಉಣಿಸಬೇಕು. ಇಷ್ಟೊಂದು ಬಗೆಗಳನ್ನು ಒಂದೇ ಕುಟುಂಬವೆಂದು ಕಟ್ಟಿಕೊಡುವುದು ಹೂವಿನ ರಚನೆ: ಒಂದು ಎಸಳು ಉಳಿದವುಗಳಿಗಿಂತ ಬೇರೆಯಾಗಿ ತುಟಿಯಂತೆ ಚಾಚಿರುತ್ತದೆ, ಗಂಡು, ಹೆಣ್ಣು ಭಾಗಗಳೆರಡೂ ಬೆಸೆದು ಒಂದೇ ಕಂಬವಾಗಿರುತ್ತವೆ. ಎಲೆಯನ್ನು ನಂಬಿ ಮೋಸಹೋದ ಪಂಡಿತರು ಬಹಳ. ಹಾಗಾಗಿ ದೊಡ್ಡಮ್ಮನ ಮೂರನೆಯ ರಾಶಿಯ ಬಗ್ಗೆ ನನ್ನ ಅನುಮಾನ ಉಳಿದೇ ಇತ್ತು.

ಕಟ್ಟಿದ ಗಿಡಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಣಗಿದವು. ಆ ನಷ್ಟ ನನ್ನದು. ಉಳಿದವು ಹೊಸ ಬೇರು ಬಿಟ್ಟು, ಮರುವರ್ಷದ ಬೇಸಿಗೆಯಲ್ಲಿ ಹೂವಾದವು. ದೋಣಿ ಎಲೆಯದರ ಹೂವಿಗೆ ಕಂದುಬಣ್ಣದ ಚೌಕಳಿ, ನೀಲಿ ತುಟಿ, ಹತ್ತಿರ ಹೋದರೆ ಕಂಪು. ಅಟ್ಟೆ ಎಲೆಯದರಲ್ಲಿ ಅದರಂತೆ ಗೇಣುದ್ದದ ಹೂದಂಟಿಲ್ಲ. ಎಲೆಸಂದಿಯಲ್ಲೇ ಹಳದಿಯ ಪುಟ್ಟ ಹೂಗಳ ಗೊಂಚಲು, ಮೈಮೇಲೆ ಕೆಂಗಂದು ಪಟ್ಟೆ, ತುಟಿ ಬಿಳಿ. ಇದು ಬೇರೆಯದೇ ಕುಲ, ಅಕಾಂಪೆ ಎಂದು ಸಹೋದ್ಯೋಗಿ ಖುದ್ದಾಗಿ ಬಂದು, ನೋಡಿ ಹೇಳಿದರು. ಹೇಳಿ ದೊಡ್ಡಮ್ಮನಿಗೆ ಕೈಮುಗಿದರು.

"ನಂಗ್ಯಾಕೆ ಮುಗೀತೀರ, ಆ ಹೂವಿಗೆ ಮುಗೀರಿ" ಎಂದರು ದೊಡ್ಡಮ್ಮ. ಆದರೆ ದಿನವಿಡೀ ಅವರ ಮುಖದಲ್ಲಿ ನಗುವಿತ್ತು.

ಈ ವರ್ಷ ಮಂಡಿಕಲ್ಲಿನವರು ತಮ್ಮ ತೋಪಿಗೂ ನಮ್ಮನ್ನು ಕರೆದರು. ಈ ಬಾರಿ ಭಾಷಣವಿರಲಿಲ್ಲ. ದೊಡ್ಡಮ್ಮ ಮೊದಲು ಮರದಿಂದ ಮರಕ್ಕೆ ನಡೆದು ತೋರಿಸಿದರು, ಮಚ್ಚು ಅವರ ಹಿಂದೆ ಹೋಯಿತು. ಒಂದು ಹುಣಸೆಯ ಕವಲಿನಲ್ಲಿ ಕಡ್ಡಿಯಂತೆ ದುಂಡನೆಯ ಎಲೆಗಳ ಗಿಡವೊಂದು ಕಂಡಿತು. ಬೇರು ಬಿಳಿಯದೇ, ಆದರೆ ಹಿಂದಿನ ಎರಡನ್ನೂ ಹೋಲದು.

ಏಣಿ ಹತ್ತಿದ್ದ ವಿದ್ಯಾರ್ಥಿನಿ ಮೇಲಿನಿಂದಲೇ ಕೇಳಿದಳು: "ಸಾರ್, ಇದು ಯಾವುದು? ಏನ್ ಮಾಡ್ಲಿ?"

"ಗೊತ್ತಿಲ್ಲಮ್ಮ" ಎಂದೆ. "ಮುಟ್ಟಬೇಡ, ಇಳಿದು ಬಾ. ಹೂ ಬಿಡಲಿ."