ಬಂಡೆಯಮ್ಮನ ತಲೆನವೆ

ಚಿತ್ರಕಲಾ ಶಾಲೆಯ ಹುಡುಗರು ಅವಳಿಗೆ ಬಂಡೆಯಮ್ಮ ಎಂದು ಹೆಸರಿಟ್ಟಿದ್ದರು. ಅದರಲ್ಲಿ ಕುಚೋದ್ಯ ಸ್ವಲ್ಪ, ಗೌರವವೇ ಹೆಚ್ಚು. ಅವಳ ಕೆಲಸ ಕೂರುವುದು. ಎತ್ತರದ ಮರದ ಪೀಠದ ಮೇಲೆ, ಕಿಟಕಿಯ ಬೆಳಕಿಗೆ ಮುಖವೊಡ್ಡಿ ಅವಳು ಅಲ್ಲಾಡದೆ ಕೂರಬೇಕು, ಸುತ್ತ ನಿಂತವರು ಅವಳನ್ನು ನೋಡಿ ನೋಡಿ ಬರೆಯಬೇಕು. ಇದೂ ಒಂದು ಕೆಲಸವಾ ಎಂದು ಕೇಳಿದವರಿಗೆ ಅನಿಸುತ್ತಿತ್ತು. ಅವಳ ಓರಗಿತ್ತಿಯಂತೂ ಸಿಕ್ಕಾಗಲೆಲ್ಲ, "ನಿಂದೇ ಅದೃಷ್ಟ ಕಣೆ, ಕೂತ್ಕೊಂಡೇ ಸಂಬಳ. ನಮಗೆ ತಲೆ ತುರಿಸ್ಕೊಳ್ಳೋಕೂ ಪುರುಸೊತ್ತಿಲ್ಲ" ಎಂದು ಮೂಗು ಮುರಿಯುತ್ತಿದ್ದಳು. ಆ ಮಹಾತಾಯಿ ಒಂದು ಸಲ ಬಂದು ಕೂತು ನೋಡಬೇಕಿತ್ತು. ಕೂತ ಸ್ವಲ್ಪ ಹೊತ್ತಿಗೇ ಕಾಲು ಜೋಮು ಹಿಡಿಯುತ್ತದೆ. ಮೂಗಿನ ತುದಿಗೆ ನೊಣ ಬರುತ್ತದೆ, ಅದರ ಹಿಂದೆಯೇ ಸೀನು ಬರುತ್ತದೆ. ಬಂದದ್ದನ್ನೆಲ್ಲ ಬಂದ ದಾರಿಗೇ ವಾಪಸು ಕಳಿಸಬೇಕು.

ಬಂಡೆಯಮ್ಮ ಕಳಿಸುತ್ತಿದ್ದಳು. ಹೇಗೆಂದರೆ, ಕಣ್ಣು ತೆರೆದುಕೊಂಡೇ ಕನಸು ಕಾಣುತ್ತಿದ್ದಳು. ಕಿಟಕಿಯ ಗಾಜಿನ ಮೇಲೆ ಯಾವ ಕಾಲದ್ದೋ ಒಂದು ಸುಣ್ಣದ ಕಲೆಯಿತ್ತು. ಅದನ್ನೇ ನೋಡುತ್ತಿದ್ದರೆ ಕಲೆ ನಿಧಾನಕ್ಕೆ ದೋಣಿಯಾಗುತ್ತಿತ್ತು, ಪೆನ್ಸಿಲುಗಳ ಕರಕರ ಸದ್ದು ನೀರಿನ ಸದ್ದಾಗುತ್ತಿತ್ತು. ದೋಣಿಯಲ್ಲಿ ಅವಳೊಬ್ಬಳೇ. ದಡದಲ್ಲಿ ಚಿಕ್ಕಂದಿನ ಮನೆ, ಹಿತ್ತಿಲಲ್ಲಿ ಒಗೆದು ಹಾಕಿದ ಬಟ್ಟೆ, ಬಟ್ಟೆಗಳ ಮರೆಯಲ್ಲಿ ಅಮ್ಮ. ಹತ್ತಿರ ಹೋಗುವಷ್ಟರಲ್ಲಿ ಬಿಡುವಿನ ಗಂಟೆ ಹೊಡೆಯುತ್ತಿತ್ತು. ಅವಳು ಪೀಠದಿಂದ ಇಳಿಯುವಾಗ ಊರೆಲ್ಲ ಸುತ್ತಿ ಬಂದಂಥ ಸುಸ್ತು ಇರುತ್ತಿತ್ತು.

ಆ ವರ್ಷ ಶಿಲ್ಪದ ಮೇಷ್ಟ್ರು ಅವಳ ತಲೆಯನ್ನು ಮಣ್ಣಿನಲ್ಲಿ ಮಾಡಲು ಹಿಡಿದರು. ಮುಗಿದ ಮೇಲೆ ಅಚ್ಚು ತೆಗೆದು, ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ಶಾಲೆಯ ಹಜಾರದಲ್ಲಿ ನಿಲ್ಲಿಸುತ್ತೇವೆ ಎಂದರು. ಅಂದಿನಿಂದ ಬಂಡೆಯಮ್ಮನ ಎದೆಯಲ್ಲಿ ಒಂದು ಆಸೆ ಬಂದು ಕೂತುಬಿಟ್ಟಿತು. ಇಷ್ಟು ವರ್ಷ ಹುಡುಗರು ಬರೆದ ಅವಳ ಮುಖಗಳೆಲ್ಲ ರದ್ದಿಗೆ ಹೋಗಿದ್ದವು. ಮನೆಯಲ್ಲಿ ಮಾಡಿದ ಅಡುಗೆ ಆಯಾ ಹೊತ್ತಿಗೆ ಖಾಲಿ, ಗುಡಿಸಿದ ನೆಲಕ್ಕೆ ಸಂಜೆ ಮತ್ತೆ ಧೂಳು. ತನ್ನದು ಅಂತ ಏನಾದರೂ ಒಂದು ಎಲ್ಲಾದರೂ ನಿಲ್ಲುವುದಿದ್ದರೆ ಅದು ಈ ತಲೆಯೇ. ಇದು ಮುಗಿಯಬೇಕು, ಮುಗಿಯುವ ತನಕ ತಾನು ಕದಲಬಾರದು ಎಂದುಕೊಂಡಳು.

ನವೆ ಶುರುವಾದದ್ದು ಸರಿಯಾಗಿ ಅದೇ ಹೊತ್ತಿಗೆ.

ಮೊದಮೊದಲು ತುರುಬಿನ ಬುಡದಲ್ಲಿ ಯಾರೋ ಮೆಲ್ಲಗೆ ಕರೆದ ಹಾಗಿತ್ತು. ಆಮೇಲೆ ಕರೆಯುವವರು ಹೆಚ್ಚಾದರು. ನೆತ್ತಿ, ಕಿವಿಯ ಹಿಂದೆ, ಕುತ್ತಿಗೆಯ ಮೇಲುಗಡೆ ಇರುವೆ ಸಾಲು ಹೊರಟಂತೆ. ಕಿಟಕಿಯ ದೋಣಿ ಹತ್ತಿ ತಪ್ಪಿಸಿಕೊಳ್ಳೋಣ ಎಂದರೆ ದೋಣಿಯ ತುಂಬ ಇರುವೆ. ಕೈ ತಾನಾಗಿ ಮೇಲೇಳಲು ನೋಡುತ್ತಿತ್ತು. ಅವಳು ಅದನ್ನು ಮಡಿಲಲ್ಲಿ ಅದುಮಿ ಹಿಡಿಯುತ್ತಿದ್ದಳು. ತುಟಿ ಪಿಟಕ್ಕೆನ್ನಲಿಲ್ಲ. ಹುಬ್ಬುಗಳು ಮಾತ್ರ ಒಂದಕ್ಕೊಂದು ಹತ್ತಿರ ಬಂದು, ನಡುವೆ ಒಂದು ಗೆರೆ ಆಳವಾಗಿ ಇಳಿಯಿತು.

ತಲೆ ಅವಳದಾದರೂ ಮದ್ದು ಊರಿನದು. ಕೆಳಗಿನ ಮನೆಯ ದರ್ಜಿ ಹೆಂಗಸು ನಿಂಬೆರಸ ತಿಕ್ಕು ಅಂದಳು. ಓರಗಿತ್ತಿ ಈರುಳ್ಳಿ ರಸ ಅಂದಳು. ಔಷಧಿ ಅಂಗಡಿಯವನು ಒಂದು ಬಾಟಲಿ ಕೊಟ್ಟು, ನೊರೆ ಬರುವ ಹಾಗೆ ದಿನಾ ತೊಳೆಯಿರಿ ಅಂದ. ಮೆಂತ್ಯ ರುಬ್ಬಿ ಮೊಸರಲ್ಲಿ ಕಲಸು ಎಂದವರೊಬ್ಬರು, ಲೋಳೆಸರ ಸವರು ಎಂದವರು ಇನ್ನೊಬ್ಬರು. ಬಂಡೆಯಮ್ಮ ಯಾರ ಮನಸ್ಸನ್ನೂ ನೋಯಿಸುವವಳಲ್ಲ. ಎಲ್ಲರ ಮಾತನ್ನೂ, ಒಂದರ ಮೇಲೊಂದರಂತೆ, ಒಂದೇ ತಲೆಯ ಮೇಲೆ ನಡೆಸಿಕೊಟ್ಟಳು. ಸುಡುಸುಡು ನೀರು ಹೊಯ್ದುಕೊಂಡರೆ ಹೊಯ್ಯುವಷ್ಟು ಹೊತ್ತು ಹಾಯೆನಿಸುತ್ತಿತ್ತು, ಅದಕ್ಕೆ ಇನ್ನೂ ಎರಡು ತಂಬಿಗೆ. ಮಣ್ಣಿನ ತಲೆಯಲ್ಲಿ ಇರುವಂಥದೇ ತುರುಬು ಬೇಕಲ್ಲ, ಹಾಗಾಗಿ ಬೆಳಿಗ್ಗೆ ಒದ್ದೆ ಕೂದಲನ್ನೇ ಬಿಗಿಯಾಗಿ ಸುತ್ತಿ, ಅದೇ ಪಿನ್ನುಗಳನ್ನು ಅದೇ ಜಾಗಕ್ಕೆ ಚುಚ್ಚಿ ಓಡುತ್ತಿದ್ದಳು. ಈರುಳ್ಳಿಯ ದಿನ ತರಗತಿಯಲ್ಲಿ ಒಬ್ಬ, "ಯಾರಪ್ಪಾ ಇಷ್ಟು ಬೇಗ ಊಟದ ಡಬ್ಬಿ ಬಿಚ್ಚಿದೋರು?" ಎಂದು ಕೇಳಿದ. ಬಂಡೆಯಮ್ಮ ಕದಲಲಿಲ್ಲ.

ಇತ್ತ ಮಣ್ಣಿನ ತಲೆ ದಿನದಿನಕ್ಕೆ ಜೀವ ತುಂಬಿಕೊಳ್ಳುತ್ತಿತ್ತು. ಅವಳ ಹುಬ್ಬಿನ ಗೆರೆ ಇಳಿದಷ್ಟೂ ಮೇಷ್ಟ್ರ ಹೆಬ್ಬೆರಳು ಮಣ್ಣಿಗೆ ಇಳಿಯಿತು. ಹುಡುಗರು ಪಿಸುಮಾತು ಬಿಟ್ಟು ನಿಂತು ನೋಡುತ್ತಿದ್ದರು. ಒಬ್ಬ ಹುಡುಗಿಯಂತೂ ಕಣ್ಣೊರೆಸಿಕೊಂಡಳು.

"ನೋಡಿ," ಎಂದರು ಮೇಷ್ಟ್ರು, "ಎಷ್ಟು ಕಾಲದ ನೋವು ಈ ಹುಬ್ಬಿನ ನಡುವೆ. ಇದಕ್ಕೆ 'ಸಹನೆ' ಅಂತ ಹೆಸರಿಡೋಣ."

ಸಂಜೆ ಅವರು ಆ ಮಣ್ಣಿನ ತಲೆ ಒಣಗಿ ಬಿರುಕು ಬಿಡದಿರಲೆಂದು ಒದ್ದೆ ಬಟ್ಟೆಯನ್ನು ಮಗುವಿಗೆ ಹೊದಿಸುವಷ್ಟು ಮೆತ್ತಗೆ ಹೊದಿಸುತ್ತಿದ್ದರು. ಬಂಡೆಯಮ್ಮನಿಗೆ ಅದನ್ನು ನೋಡಿ ಹೊಟ್ಟೆಕಿಚ್ಚಾಗುತ್ತಿತ್ತು. ತನ್ನ ತಲೆಗಿಂತ ತನ್ನ ತಲೆಯ ಗೊಂಬೆಯೇ ಪುಣ್ಯ ಮಾಡಿತ್ತು.

ಅವಳ ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಮಾತಿಗೆ ಬಣ್ಣ ಕಟ್ಟಲು ಬಾರದವನು. ಅವಳು ಈ ಕೆಲಸಕ್ಕೆ ಸೇರಿದಾಗ, "ನಿನ್ನ ಮುಖ ನಾನೇ ಸರಿಯಾಗಿ ನೋಡಿಲ್ಲ, ಊರೋರೆಲ್ಲ ನೋಡ್ತಾರೆ ಬಿಡು" ಅಂದಿದ್ದ. ತಮಾಷೆಗೇ ಅಂದದ್ದು. ಆದರೆ ಅದು ನಿಜವಾದ್ದರಿಂದ ಅವಳಿಗೆ ನಗು ಬಂದಿರಲಿಲ್ಲ. ಆಮೇಲೆ ಇಬ್ಬರ ನಡುವೆ ಊಟ, ಬಟ್ಟೆ, ಬೀಗದ ಕೈ ಇಷ್ಟರ ಮಾತೇ ಉಳಿದಿತ್ತು.

ಒಂದು ಸಂಜೆ ಅವನು ಬಂದಾಗ ಅವಳು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ತಲೆ ಉಜ್ಜುತ್ತ ನಿಂತಿದ್ದಳು, ಎಮ್ಮೆ ಕಂಬಕ್ಕೆ ಉಜ್ಜಿದ ಹಾಗೆ.

"ಚೌಕಟ್ಟಿನ ಬಣ್ಣ ಹೋಗುತ್ತೆ," ಎಂದ.

ಅವಳು ಅಳತೊಡಗಿದಳು. ಬಂಡೆಯಂಥ ಹೆಂಗಸು, ಚಿಕ್ಕ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಕಕ್ಕಾಬಿಕ್ಕಿಯಾದ. ಏನು ಮಾಡುವುದೆಂದು ತೋಚದೆ ಅವಳನ್ನು ಕಿಟಕಿಯ ಬಳಿ ಕೂರಿಸಿ ತುರುಬು ಬಿಚ್ಚಿದ. ಬೆಳಿಗ್ಗೆ ಕಟ್ಟಿದ ತುರುಬಿನ ಒಳಗೆ ಸಂಜೆಗೂ ತೇವ. ತೇವ ಎಂದರೆ ಅವನಿಗೆ ಗೊತ್ತಿರುವ ವಿಷಯ. ಕೂದಲನ್ನು ಸಾಲುಸಾಲಾಗಿ ಬಿಡಿಸಿ, ಒಳಗೆ ಕೆಂಪೇರಿದ ಚರ್ಮ, ಎದ್ದ ಹೊಟ್ಟು, ಸೋಪಿನ ಉಳಿಕೆ ಎಲ್ಲ ನೋಡಿದ.

"ಒದ್ದೆ ಗೋಡೆ ಮೇಲೆ ಕೋಟ್ ಮೇಲೆ ಕೋಟ್ ಬಳಿದಿದ್ದೀಯಲ್ಲೇ. ಹೊಪ್ಪಳೆ ಏಳದೆ ಇನ್ನೇನಾಗುತ್ತೆ? ಮೊದ್ಲು ಎಲ್ಲ ನಿಲ್ಸು. ಉಗುರು ಕತ್ತರಿಸ್ಕೋ. ಬೆಚ್ಚಗಿನ ನೀರಲ್ಲಿ ತೊಳಿ, ಸಾಕು. ಪೂರ್ತಿ ಒಣಗಿದ ಮೇಲೇ ಕಟ್ಟು, ಅದೂ ಸಡಿಲವಾಗಿ."

ತಲೆ ಒಣಗಿ ಕೆಂಪು ಇಳಿದ ಮೇಲೆ, ಒಂದು ಸಂಜೆ ಅವನು ಅಂಗಡಿಯಿಂದ ಹೊಸ ಬ್ರಷ್ ತಂದ. ಕಿಟಕಿಯ ಅಂಚಿಗೆ ಬಳಸುವ ಸಣ್ಣ, ಮೆತ್ತನೆಯ ಬ್ರಷ್. ಬಟ್ಟಲಲ್ಲಿ ಎಣ್ಣೆ ಉಗುರುಬೆಚ್ಚಗೆ ಮಾಡಿ, ಬಾಚಣಿಗೆಯ ತುದಿಯಿಂದ ಬೈತಲೆ ತೆಗೆದು, ಒಂದು ಗೆರೆ ಎಳೆದ. ಪಕ್ಕದಲ್ಲಿ ಇನ್ನೊಂದು ಬೈತಲೆ, ಇನ್ನೊಂದು ಗೆರೆ. ಬಂಡೆಯಮ್ಮನ ಕಣ್ಣು ಮುಚ್ಚಿಕೊಂಡಿತು. ಇರುವೆಗಳು ಒಂದೊಂದಾಗಿ ದೋಣಿಯಿಂದ ಇಳಿದು ಹೋದವು. ಬಟ್ಟೆಗಳ ಮರೆಯಲ್ಲಿ ನಿಂತಿದ್ದ ಅಮ್ಮ ಈಚೆ ಬಂದು, ಅವಳ ಬದಲು ಅವನ ಕಡೆಗೇ ನೋಡಿ ನಕ್ಕ ಹಾಗಾಯಿತು.

ಆಮೇಲೆ ದಿನಾ ಸಂಜೆ ಅದೇ ನಡೆಯಿತು. ಬೆನ್ನ ಹಿಂದೆ ಕೂತರೆ ಅವನಿಗೆ ಮಾತು ಬರುತ್ತಿತ್ತು. ಯಾವ ಮನೆಯ ಯಜಮಾನ ಜಿಪುಣ, ಯಾವ ಗೋಡೆ ಎಷ್ಟು ಬಣ್ಣ ಕುಡಿಯಿತು, ಎಲ್ಲ ಹೇಳುತ್ತಿದ್ದ. ಒಂದು ದಿನ ಬ್ರಷ್ ನಿಂತಿತು.

"ಇಲ್ಲೊಂದು ಸುಳಿ ಇದೆ ನಿಂಗೆ. ಗೊತ್ತಿತ್ತಾ?"

"ನನ್ನ ನೆತ್ತಿ ನಂಗೆ ಹೇಗ್ರೀ ಕಾಣುತ್ತೆ?"

"ಚೆನ್ನಾಗಿದೆ," ಎಂದ ಅವನು, ಮತ್ತೆ ಬ್ರಷ್ ಅದ್ದುತ್ತ.

ನವೆ ಹೋಯಿತು. ಅದರ ಜೊತೆ ಹುಬ್ಬಿನ ಗೆರೆಯೂ ಹೋಯಿತು. ಪೀಠದ ಮೇಲೆ ಕೂತವಳ ಮುಖ ನೋಡಿ ಮೇಷ್ಟ್ರು ಕೈಲಿದ್ದ ಉಪಕರಣ ಕೆಳಗಿಟ್ಟರು.

"ಏನಾಯ್ತಮ್ಮ ನಿಮಗೆ? ಆ ನೋವೆಲ್ಲ ಎಲ್ಲಿ ಹೋಯ್ತು?"

ಆ ಗೆರೆ ಮತ್ತೆ ಬಂದೀತೇ ಎಂದು ಅವಳು ಮುಖ ಸಿಂಡರಿಸಿ ನೋಡಿದಳು. ಹುಡುಗರು ಕಿಸಕ್ಕೆಂದರು. ಮೇಷ್ಟ್ರು ತಲೆಯಾಡಿಸಿದರು. ಈ ಮುಖಕ್ಕೂ ಆ ಮಣ್ಣಿಗೂ ಸಂಬಂಧವೇ ಇಲ್ಲ, ಆ ಮುಖ ವಾಪಸು ಬರದಿದ್ದರೆ ಮುಂದುವರಿಸಲಾಗದು, ಮಣ್ಣು ಮತ್ತೆ ಕಲಸುವ ತೊಟ್ಟಿಗೇ ಹೋಗಬೇಕಾಗುತ್ತದೆ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು.

ದಾರಿಯುದ್ದಕ್ಕೂ ಯೋಚಿಸಿದಳು. ನೋವು ಬೇಕೆಂದರೆ ತರಿಸಬಹುದು, ಅದೇನು ಕಷ್ಟ. ಎಣ್ಣೆ ಬಿಟ್ಟು, ಸುಡುನೀರು ಹೊಯ್ದು, ಒದ್ದೆ ತುರುಬು ಬಿಗಿದರೆ ನವೆ ಓಡಿ ಬರುತ್ತದೆ. ಸ್ವಲ್ಪ ದಿನದ ಮಾತು. ತಲೆ ಮುಗಿದು ಹಜಾರದಲ್ಲಿ ನಿಲ್ಲುತ್ತದೆ.

ಮನೆಗೆ ಬಂದಾಗ ಗಂಡ ಬಟ್ಟಲು ಹಿಡಿದು ಕಾಯುತ್ತಿದ್ದ.

"ಇವತ್ತು ಎಣ್ಣೆ ಬೇಡ," ಎಂದಳು.

"ಬೇಡ್ವಾ?"

"ಬೇಡ. ಇನ್ನು ಮೇಲೂ ಬೇಡ."

ಅವನು ಯಾಕೆಂದು ಕೇಳಲಿಲ್ಲ. ಕೇಳುವ ಜಾಯಮಾನವೇ ಅವನದಲ್ಲ. ಬಟ್ಟಲನ್ನು ಕಟ್ಟೆಯ ಮೇಲಿಟ್ಟು, ನಲ್ಲಿ ಬಿಟ್ಟು, ಎಣ್ಣೆಗೆ ಅದ್ದೇ ಇರದ ಬ್ರಷ್ಷನ್ನು ತೊಳೆಯತೊಡಗಿದ. ಕೆಲಸ ಮುಗಿದ ದಿನ ತೊಳೆಯುವ ಹಾಗೆ, ಕೂದಲೆಳೆ ಬಿಡಿಸಿ ಬಿಡಿಸಿ ತೊಳೆದ. ಬಂಡೆಯಮ್ಮ ಆ ಬೆನ್ನನ್ನೇ ನೋಡಿದಳು. ಹಜಾರದಲ್ಲಿ ಎಷ್ಟು ಜನ ಬಂದು ನೋಡಿದರೇನು, ಈ ಮನುಷ್ಯ ಮತ್ತೆ ಗೋಡೆಗಳ ಕಡೆಗೆ ತಿರುಗಿಬಿಟ್ಟರೆ?

"ತೊಳೀಬೇಡಿ," ಎಂದಳು. "ಬನ್ನಿ, ಎಣ್ಣೆ ಆರಿಹೋಗುತ್ತೆ."

ಮಾರನೆಯ ದಿನ ಪೀಠ ಹತ್ತುವ ಮುಂಚೆ ಎಲ್ಲರೆದುರೇ ಹೇಳಿದಳು. "ಮೇಷ್ಟ್ರೇ, ಅದು ನೋವಲ್ಲ. ತಲೆ ನವೆ. ತುರಿಸ್ಕೊಳ್ಳೋ ಹಾಗಿರ್ಲಿಲ್ಲ, ತಡ್ಕೊಂಡಿದ್ದೆ. ಈಗ ವಾಸಿಯಾಗಿದೆ. ಅದನ್ನ ವಾಪಸು ತರೋಕೆ ನನ್ನ ಕೈಲಾಗಲ್ಲ."

ಇಡೀ ತರಗತಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ಕಣ್ಣೊರೆಸಿಕೊಂಡಿದ್ದ ಹುಡುಗಿ ಮತ್ತೆ ಕಣ್ಣೊರೆಸಿಕೊಂಡಳು, ಈ ಸಲ ನಕ್ಕು. ಮೇಷ್ಟ್ರು ಮಾತ್ರ ನಗಲಿಲ್ಲ. ಮಣ್ಣಿನ ತಲೆಗೆ ಒದ್ದೆ ಬಟ್ಟೆ ಹೊದಿಸಿ ಜಗಲಿಗೆ ಹೋದರು. ಮುಗಿಯಿತು, ಇನ್ನು ತೊಟ್ಟಿಯೇ ಗತಿ ಎಂದುಕೊಂಡು ಬಂಡೆಯಮ್ಮ ಬಟ್ಟೆಯೊಳಗಿನ ಆ ತಲೆಯನ್ನೇ ನೋಡುತ್ತ ನಿಂತಳು. ಮಗುವನ್ನು ಬಿಟ್ಟುಕೊಡುವಷ್ಟು ಸಂಕಟವಾಯಿತು.

ಮೇಷ್ಟ್ರು ವಾಪಸು ಬಂದು ಬಟ್ಟೆ ತೆಗೆದರು.

"ಇವರು ಇಲ್ಲಿ ಕೂತಿದ್ದು ನಿಜ, ತಡ್ಕೊಂಡಿದ್ದೂ ನಿಜ. ಏನಾಗಿದೆ ಅಂತ ಒಂದು ಮಾತು ಕೇಳದೆ ಹೋದೋನು ನಾನು. ಹುಬ್ಬು ಹಾಗೇ ಇರ್ಲಿ. ಕಿವಿ, ತುರುಬು ಬಾಕಿ ಇದೆ, ಅಷ್ಟಕ್ಕೆ ಕೂತ್ಕೊಳ್ಳಿ. ಮಧ್ಯೆ ತುರಿಕೆ ಬಂದ್ರೆ ತುರಿಸ್ಕೊಳ್ಳಿ."

ಹೀಗೆ ತಲೆ ಮುಗಿಯಿತು. ಹಜಾರದಲ್ಲಿ 'ಸಹನೆ' ಎಂಬ ಫಲಕದೊಂದಿಗೆ ನಿಂತಿತು. ನೋಡಲು ಬಂದವರು ಅದರ ಮುಂದೆ ಬಂದಾಗ ದನಿ ತಗ್ಗಿಸುತ್ತಿದ್ದರು. ಬಂಡೆಯಮ್ಮ ಗಂಡನನ್ನು ಕರೆತಂದಳು. ಅವನು ಒಗೆದ ಅಂಗಿ ಹಾಕಿದ್ದ, ಮುಂಗೈ ಮೇಲೆ ಮಾತ್ರ ಹಳದಿ ಚುಕ್ಕೆಗಳು ಉಳಿದಿದ್ದವು. ಮೊದಲು ಹಿಂದಿನ ಗೋಡೆ ನೋಡಿ, "ತೇವ ಹಿಡಿದಿದೆ" ಅಂದ. ಆಮೇಲೆ ಯಾರೂ ಹೋಗದ ಹಿಂಬದಿಗೆ ಹೋಗಿ, ತುರುಬಿನ ಮೇಲೆ ಒಂದು ಬೆರಳು ಆಡಿಸಿದ. ಕೊನೆಗೆ ಮುಂದೆ ಬಂದು ಆ ಮುಖವನ್ನು, ಹುಬ್ಬಿನ ನಡುವಿನ ಆ ಗೆರೆಯನ್ನು ಬಹಳ ಹೊತ್ತು ನೋಡಿದ. ಇಷ್ಟು ವರ್ಷದಲ್ಲಿ ಅವನು ಯಾವ ಮುಖವನ್ನೂ ಅಷ್ಟು ಹೊತ್ತು ನೋಡಿದ್ದನ್ನು ಅವಳು ಕಂಡಿರಲಿಲ್ಲ.

"ಪಾಪ," ಎಂದ. "ಇವಳ ತಲೆಗೆ ಎಣ್ಣೆ ಹಚ್ಚೋರು ಯಾರೂ ಇರ್ಲಿಲ್ಲ ಅಂತ ಕಾಣುತ್ತೆ."

ಬಂಡೆಯಮ್ಮನಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ತಡೆಯಲು ಹೋಗಲಿಲ್ಲ.

"ಅವಳಿಗಿರ್ಲಿಲ್ಲ," ಎಂದಳು. "ನಡೀರಿ, ಮನೆಗೆ ಹೋಗೋಣ."