ಸುಂದರಣ್ಣನ ಡಬ್ಬಿಗಳು

ಚಾರಣದ ಸ್ಟವ್ವಿನ ಪುಟ್ಟ ಗ್ಯಾಸ್ ಕ್ಯಾನನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ, ಅದನ್ನು ಸ್ಟೀಲ್ ಪಾತ್ರೆಯೊಳಗೆ ತುರುಕಿ ಮುಚ್ಚಳ ಹಾಕಿಬಿಟ್ಟರೆ ಏರ್‌ಪೋರ್ಟಿನ ಎಕ್ಸ್-ರೇಗೆ ಏನೂ ಕಾಣುವುದಿಲ್ಲ ಎಂದು ನಂಬಿದ್ದ ಮಹಾನುಭಾವ ನಾನೇ. ನನಗೆ ವಿಜ್ಞಾನದಲ್ಲಿ ಡಿಗ್ರಿ ಇದೆ. ಕಾಲೇಜಿನ ಮರ್ಯಾದೆ ಉಳಿಸಲು ಯಾವ ಕಾಲೇಜು ಎಂದು ಹೇಳುವುದಿಲ್ಲ. ಯಂತ್ರಕ್ಕೆ ಅದು ಚೆನ್ನಾಗಿಯೇ ಕಂಡಿತು. ಆದರೆ ಯಂತ್ರಕ್ಕಿಂತ ಒಂದು ಗಂಟೆ ಮೊದಲೇ ಮುಂಬೈಯ ಸಾಂತಾಕ್ರೂಜ್‌ನ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಸುಂದರಣ್ಣನಿಗೆ ಅದು ಕೇಳಿಸಿತ್ತು.

ಸುಂದರಣ್ಣ ಎಂದರೆ ಮೊದಲು ಕಿವಿ, ಆಮೇಲೆ ಉಳಿದ ಮನುಷ್ಯ. ಕಾರ್ಕಳದ ಕಡೆಯವರು. ಗಲ್ಲಾಕ್ಕೆ ಬರುವ ಮೊದಲು ಅದೇ ಹೋಟೆಲಿನ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತವರು. ಸಿಲಿಂಡರಿಗೆ ಬೆರಳಿನಿಂದ ಎರಡು ಸಲ ಕುಟ್ಟಿ, ಸ್ವಲ್ಪ ಅಲ್ಲಾಡಿಸಿ, ಕಿವಿ ಕೊಟ್ಟು, "ಇನ್ನು ನಲ್ವತ್ತು ದೋಸೆ ಉಂಟು" ಎನ್ನುತ್ತಿದ್ದರಂತೆ. ನಲವತ್ತೊಂದನೆಯ ದೋಸೆ ಅರ್ಧ ಬೆಂದು ನಿಲ್ಲುತ್ತಿತ್ತಂತೆ.

ಹೋಟೆಲು ಏರ್‌ಪೋರ್ಟಿನ ದಾರಿಯಲ್ಲಿತ್ತು. ವಿಮಾನ ತಲೆಯ ಮೇಲೆ ಹಾದರೆ ಗಲ್ಲಾದ ಮೇಲಿನ ಸೋಂಪಿನ ಬಟ್ಟಲು ನಡುಗುತ್ತಿತ್ತು. ಹಿಮಾಲಯಕ್ಕೆ ಹೊರಟ ಹುಡುಗ ಹುಡುಗಿಯರು ಬೆನ್ನಿಗಿಂತ ದೊಡ್ಡ ಬ್ಯಾಗು ಹೊತ್ತು ಇಡ್ಲಿ ತಿನ್ನಲು ಇಳಿಯುತ್ತಿದ್ದರು. ಯಾವತ್ತೋ ಒಬ್ಬನ ಲೈಟರನ್ನು ಏರ್‌ಪೋರ್ಟಿನಲ್ಲಿ ಕಸದ ಬುಟ್ಟಿಗೆ ಹಾಕಿದ್ದು ಕೇಳಿ ಸುಂದರಣ್ಣನಿಗೆ ಸಂಕಟವಾಯಿತಂತೆ. ಅಂದಿನಿಂದ ಗಲ್ಲಾದ ಹಿಂದಿನ ಕಪಾಟಿನಲ್ಲಿ ಖಾಲಿ ಬಿಸ್ಕಿಟ್ ಡಬ್ಬಿಗಳ ಸಾಲು ಶುರುವಾಯಿತು. ಚಾಕು, ಲೈಟರ್, ಬೆಂಕಿಪೆಟ್ಟಿಗೆ, ಎಲ್ಲ ಅಲ್ಲಿ. ಪ್ರತಿ ಡಬ್ಬಿಗೂ ಒಂದು ಚೀಟಿ: 'ಕುರ್ಲಾ ಶಬಾನಾ', 'ಡೊಂಬಿವಲಿ ಉದ್ದ ಹುಡುಗ'. ಕೊಟ್ಟವರಿಗೆಲ್ಲ ಒಂದೇ ಮಾತು: "ಇಳಿದು ಬಂದು ಹೇಳು."

ಅವರು ಕೇಳುತ್ತಿದ್ದ ಬಾಡಿಗೆ ಬೆಟ್ಟದ ಆ ಕತೆ, ಅಷ್ಟೇ. ಶಬಾನಾ ಚಾಕು ವಾಪಸ್ ತೆಗೆದುಕೊಳ್ಳಲು ಬಂದ ದಿನ ನಾನೂ ಅಲ್ಲಿದ್ದೆ. ಹಿಮಕ್ಕೆ ಅವಳ ಮೂಗು ಸಿಪ್ಪೆ ಸುಲಿದಿತ್ತು. ಸುಂದರಣ್ಣ ಅವಳನ್ನು ಗಲ್ಲಾದ ಪಕ್ಕ ಕೂರಿಸಿ ತಮ್ಮ ಮುಂಬೈ ಹಿಂದಿಯಲ್ಲಿ ಹಿಮ ಹೇಗಿತ್ತು ಎಂದು ಕೇಳಿದರು. ಅವಳು ಕೈ ಆಡಿಸಿ ಹೇಳಿದ್ದು ಸಾಲದೆ ನನ್ನತ್ತ ತಿರುಗಿದರು: "ಇವಳು ಹೇಳುವ ಹಿಮ ನಮ್ಮ ಫ್ರಿಜ್ಜಿನ ಹಿಮದ ಹಾಗೆಯೇ ಉಂಟಾ, ಬೇರೆಯಾ? ಸರಿ ಕೇಳು ಮಾರಾಯ." ಬಿಲ್ಲು ಹಿಡಿದ ಗಿರಾಕಿಗಳ ಸಾಲು ಬಾಗಿಲು ದಾಟಿತ್ತು. ಸುಂದರಣ್ಣ ಆಗ ಹಿಮಾಲಯದಲ್ಲಿದ್ದರು. ಜೀವನದಲ್ಲಿ ಒಂದು ಸಲವೂ ವಿಮಾನ ಹತ್ತಿರಲಿಲ್ಲ.

ಕಪಾಟಿನ ಮೂಲೆಯಲ್ಲಿ ತುಕ್ಕು ಹಿಡಿದ ಒಂದು ಡಬ್ಬಿ ಇತ್ತು. ಪುಣೆಯ ಹುಡುಗನೊಬ್ಬನ ಲೈಟರ್. ಮೂರು ವರ್ಷವಾದರೂ ಅವನು ಬಂದಿರಲಿಲ್ಲ. "ಮರೆತಿರ್ಬೇಕು" ಎನ್ನುತ್ತಿದ್ದರು ಸುಂದರಣ್ಣ. ಆದರೆ ಪೇಪರಿನಲ್ಲಿ ಬೆಟ್ಟದ ಅಪಘಾತದ ಸುದ್ದಿ ಬಂದರೆ ಕನ್ನಡಕ ಏರಿಸಿ ಕೊನೆಯ ಹೆಸರಿನವರೆಗೂ ಓದುತ್ತಿದ್ದರು.

ನನ್ನ ಸರದಿ ಬಂದದ್ದು ಮೇ ತಿಂಗಳಲ್ಲಿ. ಬ್ಯಾಗಿನ ತೂಕ ಉಳಿಸಲು ಎರಡು ಜಾಕೆಟ್, ಉಣ್ಣೆಯ ಟೋಪಿ, ಮಂಜಿನ ಬೂಟು, ಎಲ್ಲವನ್ನೂ ಮೈಮೇಲೆ ಹೇರಿಕೊಂಡು ಕಾಂದಿವಲಿಯಿಂದ ಲೋಕಲ್ ರೈಲಿನಲ್ಲಿ ನಿಂತು ಬಂದಿದ್ದೆ. ಡೆಹ್ರಾಡೂನಿನಲ್ಲಿ ಕಾಯುತ್ತಿದ್ದ ಗುಂಪಿನಲ್ಲಿ ನನಗೆ ಯಾರ ಮುಖಪರಿಚಯವೂ ಇರಲಿಲ್ಲ. ಆದರೂ ಫೋನಿನಲ್ಲೇ "ಚಹಾ ನನ್ನ ಜವಾಬ್ದಾರಿ, ನನ್ನ ಬಳಿ ಫಾರಿನ್ ಸ್ಟವ್ ಇದೆ" ಎಂದು ಕೊಚ್ಚಿಕೊಂಡಾಗಿತ್ತು.

"ಏನಾ ಪಚ್ಚು, ನಿನ್ನನ್ನೇ ಇಡ್ಲಿಪಾತ್ರೆಯಲ್ಲಿ ಇಟ್ಟು ತೆಗೆದ ಹಾಗೆ ಕಾಣ್ತದಲ್ಲ?" ಎಂದರು ಸುಂದರಣ್ಣ. ಬ್ಯಾಗನ್ನು ಎತ್ತಿದರು, ವಾಲಿಸಿದರು, ಕಿವಿ ಹಚ್ಚಿದರು.

"ಗ್ಯಾಸ್ ಉಂಟಲ್ಲ ಇದ್ರಲ್ಲಿ?"

"ಇಲ್ಲ ಅಣ್ಣ! ಶಾಂಪೂ ಅದು."

"ಶಾಂಪೂ ಹಾಗೆ ಮಾತಾಡುವುದಿಲ್ಲ. ಅಲ್ಲಿಯೂ ಮನುಷ್ಯರು ಅನ್ನ ಬೇಯಿಸ್ತಾರೆ, ಗ್ಯಾಸ್ ಅಲ್ಲೇ ಸಿಗ್ತದೆ. ಇಲ್ಲಿಟ್ಟು ಹೋಗು."

"ಅಣ್ಣ, ಟೆನ್ಷನ್ ಮತ್ ಲೋ. ಶಾಂಪೂನೇ."

ಸುಂದರಣ್ಣ ನನ್ನ ಮುಖ ನೋಡಿದರು. "ಸರಿ. ಇಳಿದು ಬಂದು ಹೇಳು" ಎಂದರು.

ಏರ್‌ಪೋರ್ಟಿನಲ್ಲಿ ನನ್ನ ಹೆಸರನ್ನು ಮೈಕಿನಲ್ಲಿ ಮೂರು ಸಲ ಕರೆದರು. ಮದುವೆಯಾಗದ ಮಗನ ಹೆಸರು ಇಷ್ಟು ಜನರ ಕಿವಿಗೆ ಬಿತ್ತೆಂದು ಅಮ್ಮನಿಗೆ ತಿಳಿದರೆ ಖುಷಿಪಡುತ್ತಿದ್ದಳೇನೋ. ಅಧಿಕಾರಿ ಪಾತ್ರೆಯ ಮುಚ್ಚಳ ತೆಗೆದು, ಕಾಲುಚೀಲವನ್ನು ಎರಡು ಬೆರಳಲ್ಲಿ ಹಿಡಿದು ಕೇಳಿದ: "ಯೇ ಕ್ಯಾ ಹೈ?"

"ಶಾಂಪೂ" ಎಂದೆ. ಒಂದೇ ಸುಳ್ಳನ್ನು ಎರಡು ಕಡೆ ಹೇಳುವಷ್ಟು ನಾನು ಮಿತವ್ಯಯಿ.

ಕ್ಯಾನನ್ನು ಅಲ್ಲೇ ಬಿಟ್ಟು, ಕ್ಷಮಾಪಣೆ ಬರೆದುಕೊಟ್ಟು, ಬೆವರಿನಲ್ಲಿ ತೇಲುತ್ತಾ ಕೊನೆಯವನಾಗಿ ವಿಮಾನ ಹತ್ತಿದೆ. ಬೆಟ್ಟದ ಬುಡದ ಪೇಟೆಯಲ್ಲಿ ಬಸ್ಸಿನಿಂದ ಇಳಿದರೆ ಎದುರಿನ ಅಂಗಡಿಯಲ್ಲೇ ಅದೇ ಕ್ಯಾನುಗಳನ್ನು ತೆಂಗಿನಕಾಯಿಯ ಹಾಗೆ ರಾಶಿ ಹಾಕಿದ್ದರು.

ಮುಂಬೈಗೆ ಮರಳಿದ ಮೇಲೆ ನಾನು ಸಾಂತಾಕ್ರೂಜ್ ಸ್ಟೇಷನ್ ಬಂದರೆ ಮೊಬೈಲಿನಲ್ಲಿ ಮುಖ ಹುಗಿಯುತ್ತಿದ್ದೆ. ಆ ಮನುಷ್ಯನ ಮುಂದೆ ಕೂತು ಏನೆಂದು ಹೇಳಲಿ? ಹಿಮ ಫ್ರಿಜ್ಜಿನದರ ಹಾಗಿರಲಿಲ್ಲ, ಆದರೆ ಶಾಂಪೂ ಶಾಂಪೂ ಆಗಿರಲಿಲ್ಲ ಎಂದೇ? ನಗುತ್ತಾರೆ, ಹೋಟೆಲೆಲ್ಲ ನಗುತ್ತದೆ ಎಂದು ಐದು ತಿಂಗಳು ತಲೆಮರೆಸಿಕೊಂಡೆ.

ಕೊನೆಗೆ ಹಸಿವು ನಾಚಿಕೆಯನ್ನು ಗೆದ್ದ ಒಂದು ಬೆಳಿಗ್ಗೆ ಹೋದೆ. ಗಲ್ಲಾದಲ್ಲಿ ಬೇರೆ ಯಾರೋ ಇದ್ದರು. ಸುಂದರಣ್ಣ ಕೆಲಸ ಬಿಟ್ಟು ಊರಿಗೆ ಹೋಗಿ ಎರಡು ವಾರವಾಗಿತ್ತು. ಹಿಂದಿನ ಕಪಾಟಿನಲ್ಲಿ ಈಗ ನೀರಿನ ಬಾಟಲಿಗಳು. ಅವುಗಳ ನಡುವೆ ಎರಡೇ ಡಬ್ಬಿಗಳು ಉಳಿದಿದ್ದವು: ಆ ತುಕ್ಕು ಹಿಡಿದದ್ದು, ಇನ್ನೊಂದು ಹೊಸದು. ಹೊಸದರ ಮೇಲೆ 'ಕಾಂದಿವಲಿ ಪಚ್ಚು' ಎಂದು ಚೀಟಿ.

ಹಳೆಯ ಸಪ್ಲೈಯರ್ ಬಾಬಣ್ಣ ಅದನ್ನು ಇಳಿಸಿ ಕೈಗೆ ಕೊಟ್ಟ. ತೆರೆದೆ. ಖಾಲಿ.

"ಬಾಬಣ್ಣ, ನಾನು ಇಟ್ಟುಕೊಳ್ಳಲಿಕ್ಕೆ ಏನೂ ಕೊಟ್ಟಿರಲಿಲ್ಲವಲ್ಲ?"

"ಕೊಡ್ಲಿಲ್ಲ, ಗೊತ್ತುಂಟು" ಎಂದ ಬಾಬಣ್ಣ, ಟೇಬಲ್ ಒರೆಸುತ್ತಲೇ. "ಸಿಕ್ಕಿದವರದ್ದೆಲ್ಲ ಅವರವರಿಗೆ ಕಳಿಸಿ ಹೋದ್ರು. ಇದೊಂದು ತೆಗೀಲಿಕ್ಕೆ ಹೋದ್ರೆ ನನಗೇ ಬೈದ್ರು ಮಾರಾಯ. 'ಅದನ್ನು ಮುಟ್ಬೇಡ, ಆ ಹುಡುಗ ಇನ್ನೂ ಇಳೀಲಿಲ್ಲ' ಅಂತ."