ಅಕ್ಕ ಹೇಳಿದ ಒಂದೇ ಸುಳ್ಳು

ಕಳೆದ ತಿಂಗಳು ಪುತ್ತೂರಿನಲ್ಲಿ ನಮ್ಮ ಪಕ್ಕದ ಮನೆಗೆ ಹೊಸ ಸೊಸೆ ಬಂದಳು. ಹೊಸ್ತಿಲಲ್ಲಿ ಆರತಿ ಎತ್ತಲೆಂದು ಹರಿವಾಣದ ನೀರಿಗೆ ಅರಸಿನ ಹಾಕಿ, ಚಿಟಿಕೆ ಸುಣ್ಣ ಬಿಟ್ಟು ಬೆರಳಾಡಿಸಿದರು. ನೀರು ಕಣ್ಣೆದುರೇ ಕೆಂಪಾಯಿತು. ಆ ವಾಸನೆ ನಿಮಗೂ ಗೊತ್ತಿದ್ದೀತು, ಅರಸಿನದ ಕಮಟಿಗೆ ಸುಣ್ಣದ ಉರಿ ಸೇರಿ ಮೂಗಿನ ಬುಡಕ್ಕೆ ಹತ್ತುವಂಥದ್ದು. ಎಲ್ಲರೂ ಶೋಭಾನೆ ಹೇಳುತ್ತಿದ್ದಾಗ ನಾನು ಮೆಲ್ಲನೆ ಹಿಂದೆ ಸರಿದೆ. ತಲೆನೋವೆಂದು ಸುಳ್ಳು ಹೇಳಿ ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ನಮ್ಮ ಕಡೆ ಈ ನೀರಿಗೆ ಕುರ್ದಿ ಎನ್ನುತ್ತಾರೆ. ಊರು ಕಾಯುವ ಭೂತಕ್ಕೆ ರಕ್ತದ ಬದಲು ಇದನ್ನೇ ಒಪ್ಪಿಸುವುದುಂಟು, ಭೂತ ಅಷ್ಟಕ್ಕೇ ತಣಿಯುತ್ತದೆ. ಎರಡು ವರ್ಷದ ಹಿಂದೆ ಡೆಂಗ್ಯೂ ಜ್ವರದಲ್ಲಿ ಹೋದ ನನ್ನ ಅಕ್ಕ ಚೈತ್ರ, ತನ್ನ ಹದಿನಾರನೆಯ ವಯಸ್ಸಿನಲ್ಲಿ ಈ ನೀರನ್ನು ಕೊಡಪಾನ ತುಂಬ ಕಲಸಿ, ಮೈಮೇಲೆ ಸುರಿದುಕೊಂಡು, ಕಾಣಿಯೂರಿನ ಪೇಟೆಯಲ್ಲಿ ಹಾಡಹಗಲು ಸತ್ತು ಬಿದ್ದಿದ್ದಳು. ಅದು ನಾಟಕ. ಆದರೆ ನಮ್ಮ ಮನೆ ಹಾಳಾದದ್ದು ಆ ದಿನವೇ, ಹಾಳು ಮಾಡಿದವಳು ನಾನೇ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಹಿಟ್ಟಿನ ಗಿರಣಿ ಇತ್ತು. ಅದನ್ನು ಅಪ್ಪ ಮತ್ತು ಮೋನುಚ್ಚ ಸೇರಿ ನಡೆಸುತ್ತಿದ್ದರು. ಮೋನುಚ್ಚ ಬ್ಯಾರಿಗಳು, ನಮ್ಮ ಕಡೆಯ ಮುಸ್ಲಿಮರು; ಅವರ ಮಗ ಸಿನಾನ್ ಅಕ್ಕನ ಓರಗೆಯವನು. ಮುಂದೆ ಗಿರಣಿ, ಹಿಂದೆ ಒಂದೇ ಮಾಡಿನ ಕೆಳಗೆ ಎರಡು ಬಿಡಾರ, ನಡುವೆ ಒಂದು ಗೋಡೆ, ಎರಡಕ್ಕೂ ಒಂದೇ ಬಾವಿ. ಅಕ್ಕಿ, ರಾಗಿ, ಮೆಣಸು, ಅರಸಿನ ಎಲ್ಲ ಅಲ್ಲಿ ಪುಡಿಯಾಗುತ್ತಿತ್ತು. ಮೆಣಸಿನ ದಿನ ಎರಡೂ ಮನೆಯವರು ಒಟ್ಟಿಗೆ ಸೀನುತ್ತಿದ್ದೆವು, ಅರಸಿನದ ದಿನ ಬೆಕ್ಕು ಕೂಡ ಮದುವಣಗಿತ್ತಿಯಂತೆ ಹಳದಿಯಾಗಿ ತಿರುಗುತ್ತಿತ್ತು. ಗಿರಣಿ ಓಡುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುತ್ತಿರಲಿಲ್ಲ. ಅದಕ್ಕೆಂದೇ ನಮ್ಮೆರಡು ಮನೆಗೆ ಒಂದು ಕೈಭಾಷೆ ಹುಟ್ಟಿಕೊಂಡಿತ್ತು. ಮೂಗು ಹಿಂಡಿದರೆ ಮೆಣಸಿನ ಗಿರಾಕಿ ಬಂದರು, ಹೊಟ್ಟೆ ತಟ್ಟಿದರೆ ಊಟಕ್ಕೆ ಏಳಿ, ಕಿವಿ ಎಳೆದರೆ ಸುಮಿ ಏನೋ ಕಿತಾಪತಿ ಮಾಡಿದ್ದಾಳೆ. ಸುಮಿ ಎಂದರೆ ನಾನು, ಆಗ ನನಗೆ ಹನ್ನೆರಡು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು. ದಿನಕ್ಕೆ ಎಷ್ಟು ಸಲ ಕಿವಿ ಎಳೆಯುತ್ತಿದ್ದರೋ ಲೆಕ್ಕವಿಲ್ಲ.

ಅಕ್ಕನಿಗೆ ಅಭಿನಯ ಬಂದದ್ದು ಆ ಕೈಭಾಷೆಯಿಂದಲೇ ಇರಬೇಕು. ಗಿರಾಕಿಗಳು ಹಿಟ್ಟಿನ ಡಬ್ಬ ಹೊತ್ತು ಹೋಗುವುದನ್ನು ಅವಳು ಬೆನ್ನ ಹಿಂದೆ ಹಾಗೇ ನಡೆದು ತೋರಿಸುತ್ತಿದ್ದಳು. ಮೋನುಚ್ಚ ನಕ್ಕು ನಕ್ಕು ಜರಡಿ ಕೆಳಗೆ ಬಿಡುತ್ತಿದ್ದರು. ಕಾಲೇಜು ಸೇರಿದ ಮೇಲೆ ಅವಳಿಗೆ ಊರಿನ ಚಿಂತೆಗಳೆಲ್ಲ ಅಂಟಿಕೊಂಡವು. ಗೇರು ತೋಟಕ್ಕೆ ಸಿಂಪಡಿಸಿದ ಎಂಡೋಸಲ್ಫಾನ್ ವಿಷದಿಂದ ಹಾಸಿಗೆ ಹಿಡಿದ ಮಕ್ಕಳ ಮನೆಗಳಿಗೆ ಭಾನುವಾರ ಭಾನುವಾರ ಹೋಗಿ ಕುಣಿದು ಹಾಡಿ ಬರುತ್ತಿದ್ದಳು. ಹುಡುಗಿಯರನ್ನು ಕಂಡರೆ ನಿಲ್ಲಿಸದ ಬಸ್ಸಿನ ಎದುರು ಒಮ್ಮೆ ರಸ್ತೆಯಲ್ಲೇ ಕೂತಳು. ಎಲ್ಲಕ್ಕಿಂತ ದೊಡ್ಡ ಹುಚ್ಚು ಶಾಂತಿಯದು. ಆ ವರ್ಷ ನಮ್ಮ ಕಡೆ ಗಾಳಿಯೇ ಕೆಟ್ಟಿತ್ತು. ಇವತ್ತು ಅವರ ಹುಡುಗನಿಗೆ ಪೆಟ್ಟು, ನಾಳೆ ಇವರ ಹುಡುಗನಿಗೆ ಚೂರಿ, ನಾಡಿದ್ದು ಬಂದ್. ಅಕ್ಕ ಮತ್ತು ಸಿನಾನ್ ಸೇರಿ ಆರು ಜನರ ತಂಡ ಕಟ್ಟಿ ಬೀದಿನಾಟಕಕ್ಕೆ ಹೊರಟರು. ಅಮ್ಮನಿಗೆ ಹೆದರಿಕೆ. "ಊರು ಸುಡುವಾಗ ನೀನೊಬ್ಬಳು ಕೊಡಪಾನ ಹಿಡ್ಕೊಂಡು ಎಂತ ಮಾಡುದು ಮಾರಾಯ್ತಿ?" ಎಂದರು. ಅಕ್ಕ ನಗುತ್ತಾ, "ಒಂದು ಕೊಡಪಾನದಷ್ಟು ಬೆಂಕಿಯಾದ್ರೂ ಕಮ್ಮಿ ಆಗ್ತದಲ್ಲ ಅಮ್ಮ" ಎಂದಳು. ನನಗಂತೂ ಮೈ ಉರಿಯುತ್ತಿತ್ತು, ಏಕೆಂದರೆ ಕಾಡಿ ಬೇಡಿದರೂ ನಾಟಕದಲ್ಲಿ ನನಗೆ ಪಾತ್ರ ಕೊಟ್ಟಿರಲಿಲ್ಲ. "ನೀನು ಸ್ಟೇಜಲ್ಲೇ ಯಾರಿಗಾದ್ರೂ ಬಾರಿಸ್ತಿ" ಎಂದು ಸಿನಾನ್ ಕೀಟಲೆ ಮಾಡಿದ್ದ. ಆ ಮಾತು ನನಗೆ ನಾಟಿತ್ತು.

ನಾಟಕದಲ್ಲಿ ಸಿನಾನ್ ಕೊಲೆಗಾರ, ಅಕ್ಕ ಕೊಲೆಯಾಗುವವಳು. ಅವನು ಮರದ ಕತ್ತಿ ಬೀಸುವಾಗ ಅವಳು ಸೊಂಟದಲ್ಲಿಟ್ಟ ಕೊಡಪಾನ ಮೈಮೇಲೆ ಮಗುಚಿಕೊಂಡು ಬೀಳಬೇಕು. ಆಮೇಲೆ ಹೆಣವೇ ಎದ್ದು ಕೂತು ಜನರನ್ನು ಕೇಳಬೇಕು: "ಭೂತಕ್ಕೇ ರಕ್ತದ ಬದಲು ಕುರ್ದಿ ಸಾಕಾಗ್ತದೆ. ನಿಮಗೆ ಮಾತ್ರ ನಿಜವಾದ್ದೇ ಬೇಕಾ?" ಆ ದಿನ ಹನ್ನೊಂದು ಗಂಟೆಗೆ ಪೇಟೆಯಲ್ಲಿ ಅವಳು ಹಾಗೆ ಎದ್ದು ಕೇಳಿದಾಗ, ತರಕಾರಿ ತೂಗುತ್ತಿದ್ದವರ ಕೈ ತಕ್ಕಡಿಯಲ್ಲೇ ನಿಂತಿತು. ಒಬ್ಬ ಅಜ್ಜಿ ಗೊಳೋ ಎಂದು ಅತ್ತರು. ನಾನು ಅಮ್ಮನ ಮೊಬೈಲಿನಲ್ಲಿ ಫೋಟೋ ತೆಗೆದಿದ್ದೆ. ಅಕ್ಕ ಕೆಂಪಾಗಿ ಬಿದ್ದಿದ್ದಾಳೆ, ಸಿನಾನ್ ಕತ್ತಿ ಹಿಡಿದು ಮೇಲೆ ನಿಂತಿದ್ದಾನೆ, ಅವನ ಮುಖ ಕಾಣುತ್ತದೆ. ಮನೆಗೆ ಬಂದು, ಇನ್ನೂ ಆರದ ಸಿಟ್ಟಿನಲ್ಲಿ, ಆ ಫೋಟೋವನ್ನು ಅಮ್ಮನ ಕಡೆಯ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿ ಕೆಳಗೆ ಬರೆದೆ: "ಅಕ್ಕನನ್ನು ಸಿನಾನ್ ಕಡಿದು ಹಾಕಿದ." ಪಕ್ಕದಲ್ಲಿ ಎರಡು ನಗುವ ಮುಖ. ನಮ್ಮವರೆಲ್ಲ ನನ್ನ ತಮಾಷೆ ಬಲ್ಲವರು, ನಗುತ್ತಾರೆ ಎಂದುಕೊಂಡೆ. ಅಲ್ಲಿಂದ ಯಾರೋ ಫೋಟೋ ಎತ್ತಿಕೊಂಡರು, ಮಾತು ಎತ್ತಿಕೊಂಡರು, ನಗುವ ಮುಖಗಳನ್ನು ಅಲ್ಲೇ ಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಅಷ್ಟೆ. ಮೊಬೈಲನ್ನು ಗಿರಣಿಯ ಕಿಟಕಿಯಲ್ಲಿಟ್ಟು ಒಳಗೆ ಹೋದೆ.

ಮಂಡೆಕೋಲಿನಲ್ಲಿ ಪೂವಪ್ಪ ಮಾವನಿದ್ದರು, ಅಮ್ಮನ ಅಣ್ಣ. ಅವರಿಗೆ ಹೆಣ್ಣುಮಕ್ಕಳಿರಲಿಲ್ಲ, ಅಕ್ಕನೆಂದರೆ ಪ್ರಾಣ. ಅವಳ ಮೊದಲ ನಾಟಕಕ್ಕೆ ಗೆಜ್ಜೆ ತಂದುಕೊಟ್ಟವರು ಅವರೇ. ನಗುವ ಮುಖಗಳಿಲ್ಲದೆ ಕೈಯಿಂದ ಕೈಗೆ ಬಂದ ಫೋಟೋ ನೋಡಿ ಅವರು ಅಮ್ಮನಿಗೆ ಫೋನು ಮಾಡಿದರು, ಅಪ್ಪನಿಗೆ ಮಾಡಿದರು, ಮತ್ತೆ ಮತ್ತೆ ಮಾಡಿದರು. ಗಿರಣಿ ಓಡುತ್ತಿತ್ತು, ಯಾರಿಗೂ ಕೇಳಿಸಲಿಲ್ಲ. ಅವರ ಜೀಪು ಮಂಡೆಕೋಲಿನಿಂದ ಕಾಣಿಯೂರಿಗೆ ಬರಲು ಒಂದು ಗಂಟೆಯ ಮೇಲೆ ಬೇಕು. ಅಷ್ಟು ಹೊತ್ತೂ ಆ ಮನುಷ್ಯನ ಪಾಲಿಗೆ ಅಕ್ಕ ಸತ್ತಿದ್ದಳು. ದಾರಿಯಲ್ಲಿ ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಂಡರು. ಕೆಲವರು ಗೊತ್ತಿದ್ದವರು, ಹಲವರು ಇಂಥದ್ದಕ್ಕೇ ಕಾದು ಕೂತವರು. ನಮ್ಮ ಅಂಗಳಕ್ಕೆ ಬರುವಾಗ ಜೀಪಿನ ಹಿಂದೆ ಬೈಕುಗಳೂ ಇದ್ದವು.

ನಾಟಕದ ಸಾಮಾನು ಕಟ್ಟಿ ಅಕ್ಕನೊಟ್ಟಿಗೆ ಆಗಷ್ಟೇ ಬಂದಿದ್ದ ಸಿನಾನ್ ಬಾವಿಕಟ್ಟೆಯಲ್ಲಿ ಮುಖ ತೊಳೆಯುತ್ತಿದ್ದ. ಮೊದಲ ಪೆಟ್ಟು ಮಾವನದೇ, ದೊಣ್ಣೆಯಲ್ಲಿ, ತಲೆಯ ಬದಿಗೆ. ಆ ಶಬ್ದ ಗಿರಣಿಯ ಗದ್ದಲ ಸೀಳಿಕೊಂಡು, ಊಟಕ್ಕೆ ಕೂತಿದ್ದ ನನ್ನ ಬಟ್ಟಲವರೆಗೆ ಬಂತು. ಅಪ್ಪ ಗಿರಣಿ ನಿಲ್ಲಿಸಿ ಓಡಿದರು, ಮೋನುಚ್ಚ ಓಡಿದರು, ಇಬ್ಬರನ್ನೂ ನೆಲಕ್ಕೆ ಕೆಡವಿದರು. ಆಗ ಅಕ್ಕ ಹೊರಗೆ ಬಂದಳು, ಒದ್ದೆ ಕೂದಲು, ಕುತ್ತಿಗೆಯಲ್ಲಿ ಇನ್ನೂ ತೊಳೆದು ಹೋಗದ ಕೆಂಪು. "ಮಾವಾ, ನಾನು ಬದುಕಿದ್ದೇನೆ! ನೋಡಿ, ಇದು ಅರಸಿನ, ಸುಣ್ಣ! ನಾಟಕ ಮಾವಾ!" ಎಂದು ಅವರ ಎದೆಗೆ ಬಿದ್ದಳು. ಮಾವ ಅವಳ ಮುಖ ಎರಡೂ ಕೈಯಲ್ಲಿ ಹಿಡಿದು ನೋಡಿದರು. ಬಾಯಿಂದ "ದೇವೆರೇ" ಎಂಬ ಒಂದು ಮಾತು ಬಂತು. ಈಗ ಎಲ್ಲ ನಿಲ್ಲುತ್ತದೆ ಎಂದುಕೊಂಡೆ. ನೀವಾದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ. ಸತ್ತವಳು ಎದ್ದು ಬಂದ ಮೇಲೆ ಜಗಳಕ್ಕೆ ಇನ್ನೇನು ಉಳಿದಿದೆ? ಹಿಂದಿನಿಂದ ಒಬ್ಬ ಕೂಗಿದ, "ಬದುಕಿದ್ರೆ ಬದುಕಲಿ, ಇವನೊಟ್ಟಿಗೆ ಇವಳಿಗೆ ಎಂತ ನಾಟಕ?" ಅಷ್ಟೇ ಸಾಕಾಯಿತು. ಮಾವ ಅಕ್ಕನ ಕೆನ್ನೆಗೆ ಹೊಡೆದರು, ಅವಳು ಕಟ್ಟೆಗೆ ಬಡಿದು ಬಿದ್ದಳು. ಉಳಿದವರು ಸಿನಾನನ ಮೇಲೆ ಬಿದ್ದರು.

ಬಿದ್ದವನನ್ನು ಒದೆಯುವ ಸದ್ದು ಹೇಗಿರುತ್ತದೆ ಎಂದು ನನಗೆ ಗೊತ್ತು, ಹಿಟ್ಟಿನ ಗೋಣಿ ಕೆಳಗಿಳಿಸಿದ ಹಾಗೆ. ಅವನು ಕೂಗಲಿಲ್ಲ. ಗಿರಣಿಯೊಳಗಿನಂತೆ ಕೈ ಮೇಲೆತ್ತಿ ಸಾಕು, ಸಾಕು ಎಂದು ಸನ್ನೆ ಮಾಡಿದ. ಆ ಸನ್ನೆ ಅವರಿಗೆ ಹೇಗೆ ತಿಳಿಯಬೇಕು? ಆ ಕೈಯನ್ನೇ ತುಳಿದರು. ನಾನು ಒಳಗೆ ಓಡಿ ಆಗಷ್ಟೇ ಪುಡಿಮಾಡಿದ ಮೆಣಸಿನ ಡಬ್ಬ ಎತ್ತಿಕೊಂಡು ಬಂದು ಇದ್ದಷ್ಟನ್ನೂ ಎರಚಿದೆ. ಯಾರ ಮೇಲೆ ಬಿತ್ತು ಎಂದು ನೋಡಲಿಲ್ಲ. ಎಲ್ಲರ ಮೇಲೂ ಬಿತ್ತು, ಸಿನಾನನ ತೆರೆದ ಗಾಯದ ಮೇಲೂ. ಅವನು ಆಗ ಕೂಗಿದ. ಬಂದವರು ಕಣ್ಣುಜ್ಜಿಕೊಂಡು, ಕೆಮ್ಮುತ್ತಾ, ಬಾಯಿಗೆ ಬಂದಂತೆ ಬೈಯುತ್ತಾ ಚೆದುರಿದರು. ಮಾವ ಮಾತ್ರ ಹೋಗಲಿಲ್ಲ, ಅಂಗಳದಲ್ಲಿ ಕೂತು ದೊಣ್ಣೆ ಹಿಡಿದುಕೊಂಡೇ ಅಳುತ್ತಿದ್ದರು. ಅವರ ಮೇಲೆ ನನಗೆ ಆ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಅವರ ಮೇಲಿನ ಪ್ರೀತಿಯೂ ಹೋಗಿಲ್ಲ. ಏನು ಮಾಡಲಿ?

ನಮ್ಮ ಕಡೆ ಗಲಾಟೆ ಆದ ಮೇಲೆ ಶಾಂತಿಸಭೆ ಎಂದು ಒಂದಿದೆ. ಎರಡೂ ಕಡೆಯ ಹಿರಿಯರು, ಪೊಲೀಸಿನವರು ಒಟ್ಟಿಗೆ ಕೂತು ಚಹಾ ಕುಡಿಯುತ್ತಾರೆ, ಆದದ್ದು ಆಯಿತು ಎನ್ನುತ್ತಾರೆ. ಮೂರನೆಯ ದಿನ ನಮ್ಮದೂ ಆಯಿತು. ಸಿನಾನ್ ಪುತ್ತೂರಿನ ಆಸ್ಪತ್ರೆಯಲ್ಲಿದ್ದ. ಹಿರಿಯರೊಬ್ಬರು ಅಕ್ಕನ ಕಡೆ ತಿರುಗಿ, "ನೀನು ಶಾಂತಿ ಶಾಂತಿ ಹೇಳುವ ಹುಡುಗಿ. ಯಾರು ಹೊಡೆದದ್ದು ಅಂತ ಗೊತ್ತಾಗ್ಲಿಲ್ಲ ಹೇಳಿ ಬಿಡು. ಊರಿನ ಶಾಂತಿಗೋಸ್ಕರ" ಎಂದರು. ಮೋನುಚ್ಚ ಕೂಡ ತಲೆ ತಗ್ಗಿಸಿ, "ಕೇಸು ಬೇಡ ಮಾರಾಯ್ರೆ, ನಾವು ಇಲ್ಲೇ ಬದುಕುದಲ್ವಾ" ಎಂದರು. ಅಕ್ಕನ ಕೆನ್ನೆ ಇನ್ನೂ ಬಾತಿತ್ತು. ಅವಳು ಎದ್ದು ನಿಂತಳು. "ಪೆಟ್ಟು ತಿಂದವ ಆಸ್ಪತ್ರೆಯಲ್ಲಿದ್ದಾನೆ. ಅವನನ್ನು ಕೇಳದೆ ನೀವು ಮಾಡುದು ಎಂತ ಶಾಂತಿ?" ಎಂದು ಒಂದೊಂದೇ ಹೆಸರು ಹೇಳಿದಳು. ಮೊದಲ ಹೆಸರು ಪೂವಪ್ಪ ಮಾವನದು. ಅಮ್ಮ ಬಾಯಿಗೆ ಸೆರಗು ತುರುಕಿಕೊಂಡರು. ಪೊಲೀಸಿನವರು ಬರೆದುಕೊಂಡು, ತಲೆ ಎತ್ತಿ ಕೇಳಿದರು, "ಅಮ್ಮನ ಮೊಬೈಲಿಂದ ಆ ಮೆಸೇಜು ಹಾಕಿದ್ದು ಯಾರು?"

ಅಕ್ಕ ನನ್ನನ್ನು ನೋಡಲಿಲ್ಲ. ಒಂದು ಕ್ಷಣವೂ ತಡೆಯದೆ, "ನಾನು. ತಮಾಷೆಗೆ ಬರೆದೆ" ಎಂದಳು. ಸುಳ್ಳು ಹೇಳಲು ಬಾರದವಳು ಅವಳು. ಸಕ್ಕರೆ ಕದ್ದು ತಿಂದರೂ ತಾನೇ ಬಂದು ಹೇಳುತ್ತಿದ್ದಳು. ಆ ದಿನ ಧ್ವನಿ ನಡುಗಲಿಲ್ಲ, ಕಣ್ಣು ಅಲುಗಲಿಲ್ಲ. ಅದು ಅಭಿನಯ ಎಂದು ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮೋನುಚ್ಚ ತಲೆ ಎತ್ತಿ ಅವಳನ್ನು ನೋಡಿದರು. "ನನ್ನ ಮಗನ ಹೆಸರಲ್ಲಿ ತಮಾಷೆಯಾ ಮಗಳೇ?" ಎಂದು ಕೇಳಿದರು. ನಾನು ಬಾಯಿ ತೆರೆಯಬಹುದಿತ್ತು. ಊರಿಗೆಲ್ಲ ಬೈಯುವ ಈ ನಾಲಗೆ ಅಲ್ಲಿ ಒಣಗಿ ಕೂತಿತು.

ಮಾವ ಜೈಲು ಕಂಡು ಬಂದರು. ಮಂಡೆಕೋಲಿನ ಮನೆಯ ಬಾಗಿಲು ಅಮ್ಮನಿಗೆ ಮುಚ್ಚಿತು, ಅಜ್ಜಿ ಸತ್ತಾಗಲೂ ತೆರೆಯಲಿಲ್ಲ. ಮೋನುಚ್ಚನವರು ಹೆಂಡತಿಯ ಊರಿಗೆ, ರಾಜ್ಯದ ಗಡಿಯಾಚೆ ಹೋದರು. ಒಬ್ಬರೇ ನಡೆಸಲಾಗದೆ ಅಪ್ಪ ಗಿರಣಿ ನಿಲ್ಲಿಸಿದರು. ನಿಂತ ಮೇಲೆ ಮನೆಯಲ್ಲಿ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು, ಆದರೆ ಆಡುವವರಿರಲಿಲ್ಲ. ಈಗ ಆ ಜಾಗದಲ್ಲಿ ಗೋಡೆಯೂ ಇಲ್ಲ, ಬಾವಿಗೆ ಕಾಂಕ್ರೀಟು ಹಾಕಿ ಮುಚ್ಚಿದ್ದಾರೆ. ಅಕ್ಕ ನರ್ಸ್ ಆದಳು, ಮತ್ತೆ ಬಣ್ಣ ಹಚ್ಚಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ನಾನು ಮಾಡಿದ್ದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ಹೇಳುತ್ತೇನೆ, ಹೇಳುತ್ತೇನೆ ಎಂದುಕೊಳ್ಳುತ್ತಲೇ ನಾನು ವರ್ಷ ಕಳೆದೆ. ಅಷ್ಟರಲ್ಲಿ ಅವಳೇ ಹೋದಳು.

ಹೊಸ ಸೊಸೆ ಬಂದ ಮರುದಿನ ಬೆಳಗ್ಗೆ ನಾನು ಸುಳ್ಯದ ಬಸ್ಸು ಹತ್ತಿದೆ. ಸಿನಾನ್ ಅಲ್ಲಿ ಕಿಟಕಿಗೆ ಗಾಜು ಕತ್ತರಿಸಿ ಕೊಡುವ ಅಂಗಡಿ ಇಟ್ಟಿದ್ದಾನೆಂದು ಕೇಳಿದ್ದೆ. ಅವನು ಗುರುತು ಹಿಡಿದ. "ಸುಮಿ ಅಲ್ವಾ? ಕೂತ್ಕೊ. ಚೈತ್ರನ ವಿಷಯ ಗೊತ್ತಾಯ್ತು" ಎಂದು ಮತ್ತೆ ಗಾಜಿನ ಮೇಲೆ ಬಗ್ಗಿದ. ನಾನು ಅವನ ಎಡಗಡೆ ನಿಂತು, ನೆಲ ನೋಡುತ್ತಾ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವನು ಗಾಜು ಗೀರುತ್ತಲೇ ಇದ್ದ. ಮಾತನಾಡಿಸಲೂ ಮನಸ್ಸಿಲ್ಲವೆಂದು ತಿಳಿದು ಹೊರಡಲು ತಿರುಗಿದೆ. ಆಗ ಅವನು ತಲೆ ಎತ್ತಿ, "ನೀನು ಎಂತದ್ದೋ ಹೇಳ್ತಿದ್ದಿಯಾ? ಈ ಕಿವಿ ಅಂದೇ ಹೋಯ್ತು ಮಾರಾಯ್ತಿ. ಇತ್ಲಾಗಿ ಬಂದು ಹೇಳು" ಎಂದ.

ನಾನು ಬಲಗಡೆಗೆ ಹೋಗಿ ನಿಂತೆ. ಅಂಗಡಿಯಲ್ಲಿದ್ದ ಗಿರಾಕಿಗಳೂ ತಿರುಗಿ ನೋಡುವ ಹಾಗೆ, ಗಟ್ಟಿಯಾಗಿ, ಎರಡನೆಯ ಸಲ ಹೇಳಿದೆ. "ಬರೆದದ್ದು ಅಕ್ಕ ಅಲ್ಲ. ನಾನು."

ಅವನು ಗಾಜು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತ. ಅಂದು ತುಳಿತಕ್ಕೆ ಸೊಟ್ಟಗಾದ ಬೆರಳುಗಳಿಂದ ಗಾಜಿನ ಪುಡಿ ಒರೆಸಿಕೊಂಡ. "ಅವಳು ಮೂರು ಕಾಗದ ಹಾಕಿದ್ದಳು," ಎಂದ. "ಒಂದನ್ನೂ ಒಡೆಯದೆ ಒಲೆಗೆ ಹಾಕಿದೆ ನಾನು." ಆಮೇಲೆ ನನ್ನ ಮುಖ ನೋಡಿ ಕೇಳಿದ, "ಎಂತ ಬರೆದಿದ್ದಳು ಅದರಲ್ಲಿ? ನಿನಗೆ ಗೊತ್ತುಂಟಾ ಸುಮಿ?"

ಅವಳು ಕಾಗದ ಬರೆದದ್ದೇ ನನಗೆ ಗೊತ್ತಿರಲಿಲ್ಲ.